ಒಂದರಿಂದ ಆರಂಭವಾಗುವ ಕ್ಯಾನ್ವಾಸ್

ವಾರ್ಸಾದಿಂದ ಪೋಲೆಂಡಿನ ಹಳೆಯ ಜವಳಿ ನಗರವಾದ ವೂಚ್‌ಗೆ ರೈಲು ಹತ್ತಿದ್ದು ಒಂದೇ ಒಂದು ಚಿತ್ರವನ್ನು ನೋಡುವುದಕ್ಕಾಗಿ. ನೆಲದಡಿಯ ಫಾಬ್ರಿಚ್ನಾ ನಿಲ್ದಾಣದಿಂದ ಮೇಲೆ ಬಂದು, ಪ್ಯೋತ್ರ್ಕೋವ್ಸ್ಕಾ ಬೀದಿಯ ಉತ್ತರದ ತುದಿಯನ್ನು ದಾಟಿದರೆ, ಹತ್ತೊಂಬತ್ತನೆಯ ಶತಮಾನದ ಕೆಂಪು ಇಟ್ಟಿಗೆಯ ಹತ್ತಿ ಗಿರಣಿಗಳ ಆವರಣ ಎದುರಾಗುತ್ತದೆ. ಈಗ ಅದು ಅಂಗಡಿಮುಂಗಟ್ಟುಗಳ ಜಾಗ. ಆದರೆ ಅಲ್ಲಿನ ಹಳೆಯ ನೇಯ್ಗೆ ಕಟ್ಟಡವೊಂದರಲ್ಲಿ 2008ರಿಂದ ಮುಜೇಯುಮ್ ಶ್ಟುಕಿ ಕಲಾ ಸಂಗ್ರಹಾಲಯದ ಶಾಖೆಯಿದೆ.

ನಾನು ಹುಡುಕಿಕೊಂಡು ಬಂದದ್ದು ಪೋಲಿಷ್ ಚಿತ್ರಕಾರ ರೋಮನ್ ಒಪಾವ್ಕಾ ಅವರ ಸಂಖ್ಯಾಸರಣಿಯ ಮೊದಲ ಕ್ಯಾನ್ವಾಸನ್ನು. 1965ರಲ್ಲಿ ವಾರ್ಸಾದ ಬ್ರಿಸ್ಟಲ್ ಹೋಟೆಲಿನ ಕಾಫಿಗೃಹದಲ್ಲಿ ಹೆಂಡತಿಯ ದಾರಿ ಕಾಯುತ್ತ ಕುಳಿತಿದ್ದಾಗ, ಕಾಲವನ್ನೇ ಚಿತ್ರಿಸುವ ಈ ಯೋಚನೆ ಅವರಿಗೆ ಹೊಳೆಯಿತಂತೆ. 196 ಸೆಂಟಿಮೀಟರ್ ಎತ್ತರ, 135 ಸೆಂಟಿಮೀಟರ್ ಅಗಲದ ಕಪ್ಪು ಹಿನ್ನೆಲೆಯ ಎಡ ಮೇಲ್ತುದಿಯಲ್ಲಿ ಬಿಳಿ ಬಣ್ಣದ 1 ಎಂಬ ಅಂಕಿ. ಅಲ್ಲಿಂದ ಸಾಲುಸಾಲಾಗಿ ಬಲ ಕೆಳತುದಿಯ 35,327ರವರೆಗೆ ಅಂಕಿಗಳಲ್ಲದೆ ಬೇರೇನೂ ಇಲ್ಲ.

ದೂರದಿಂದ ಅದೊಂದು ಬೂದು ಪರದೆ. ಹತ್ತಿರ ಹೋದಾಗ ಮಾತ್ರ, ಬಣ್ಣದಲ್ಲಿ ಅದ್ದಿದ ಸಣ್ಣ ಕುಂಚ ಮೊದಲು ದಟ್ಟವಾಗಿ ಬರೆದು, ಬರಬರುತ್ತ ತೆಳುವಾಗಿ, ಇನ್ನೇನು ಅಂಕಿ ಅಳಿಸಿಹೋಯಿತು ಎನ್ನುವಷ್ಟರಲ್ಲಿ ಮತ್ತೆ ಬಿಳುಪೇರುವುದು ಕಾಣುತ್ತದೆ. ಈ ಏರಿಳಿತವನ್ನು ಹಿಂಬಾಲಿಸುತ್ತ ನನ್ನ ಕಣ್ಣು ಮುಂದಿನ ಅದ್ದುವಿಕೆಗಾಗಿ ಕಾಯತೊಡಗಿತು; ನಿರೀಕ್ಷೆ ಎಂಬುದು ಇಲ್ಲಿ ವ್ಯಾಖ್ಯಾನಕಾರರು ಅಂಟಿಸಿದ ಅರ್ಥವಲ್ಲ, ಬಣ್ಣ ಮುಗಿಯುವ ರೀತಿಯಲ್ಲೇ ಅದು ಇದೆ. ಮುದ್ರಿತ ಪ್ರತಿಯಲ್ಲಿ ಇದು ಸಿಗುವುದಿಲ್ಲ, ಬರಿಯ ದೂಳಿನಂತೆ ಕಾಣುತ್ತದೆ.

ಒಂದು ಕ್ಯಾನ್ವಾಸ್ ನಿಂತಲ್ಲಿಂದ ಮುಂದಿನದರಲ್ಲಿ ಎಣಿಕೆ ಮುಂದುವರಿಯುತ್ತಿತ್ತು. ಅದು ಹತ್ತು ಲಕ್ಷ ತಲುಪಿದ ಮೇಲೆ, 1972ರಿಂದ, ಅವರು ಪ್ರತಿಯೊಂದು ಹೊಸ ಕ್ಯಾನ್ವಾಸಿನ ಹಿನ್ನೆಲೆಗೆ ಶೇಕಡಾ ಒಂದರಷ್ಟು ಬಿಳಿ ಹೆಚ್ಚಿಸುತ್ತ ಹೋದರು. ಬರೆಯುವಾಗ ಸಂಖ್ಯೆಗಳನ್ನು ಪೋಲಿಷ್ ಭಾಷೆಯಲ್ಲಿ ಉಚ್ಚರಿಸಿ ಧ್ವನಿಮುದ್ರಿಸಿದರು. ದಿನದ ಕೆಲಸ ಮುಗಿದ ಮೇಲೆ ಒಂದೇ ಬಗೆಯ ಬೆಳಕಿನಲ್ಲಿ ತಮ್ಮ ಮುಖದ ಛಾಯಾಚಿತ್ರ ತೆಗೆದುಕೊಂಡರು. (ಆ ಮುಖಗಳ ಸಾಲಿಗಿಂತ ಅಂಕಿಗಳ ಸಾಲೇ ನನಗೆ ಹೆಚ್ಚು ಆತ್ಮೀಯವೆನಿಸಿತು.) ಕೊನೆಯ ವರ್ಷಗಳಲ್ಲಿ ಬಿಳಿಯ ಮೇಲೆ ಬಿಳಿ ಬರೆಯುತ್ತಿದ್ದ ಅವರು ಮುಟ್ಟಬಯಸಿದ್ದು 77,77,777ನ್ನು. 2011ರ ಆಗಸ್ಟ್‌ನಲ್ಲಿ, ಎಂಬತ್ತು ತುಂಬುವ ಕೆಲವೇ ದಿನಗಳ ಮೊದಲು ಅವರು ತೀರಿಕೊಂಡಾಗ, ಎಣಿಕೆ 56,07,249ಕ್ಕೆ ಬಂದಿತ್ತು. ಅದನ್ನು ಅಪೂರ್ಣ ಕೃತಿ ಎನ್ನಲು ನನಗೆ ಮನಸ್ಸಾಗುವುದಿಲ್ಲ, ಏಕೆಂದರೆ ಸಾವು ಎಲ್ಲಿ ತಡೆಯುತ್ತದೋ ಅಲ್ಲಿಗೇ ಮುಗಿಯುವುದೆಂದು ಅವರು ಮೊದಲ ಅಂಕಿಯಿಂದಲೇ ಒಪ್ಪಿಕೊಂಡಿದ್ದರು.