ಲೈಸೆನ್ಸ್ ಸರ್ವರ್ ಬಿದ್ದರೆ ಸ್ಕ್ಯಾನರ್ ಮೇಲೆ ಕೋಪ ಬೇಡ

ಬೆಂಗಳೂರಿನ ಒಂದು ಚಿಪ್ ಡಿಸೈನ್ ಕಂಪನಿಯ ಕ್ಯಾಡ್ ಸಪೋರ್ಟ್ ತಂಡದಲ್ಲಿ ನನ್ನ ಕೆಲಸ. ಡಿಸೈನ್ ಟೂಲ್ ಬಳಸಲು ಅನುಮತಿ ಹಂಚುವ ಲೈಸೆನ್ಸ್ ಸರ್ವರ್‌ಗಳೆಲ್ಲ ನನ್ನ ಪಾಲಿಗೆ. ಹೊಸ ಫೀಚರ್ ಲೈನ್ ಬಂದರೆ ಸೇರಿಸಬೇಕು, ಯಾವ ಪ್ರಾಜೆಕ್ಟ್‌ಗೆ ಎಷ್ಟು ಸೀಟ್ ಅಂತ ಆಪ್ಷನ್ಸ್ ಫೈಲ್‌ನಲ್ಲಿ ಬರೆಯಬೇಕು, ತಿಂಗಳ ಕೊನೆಗೆ ಯೂಸೇಜ್ ರಿಪೋರ್ಟ್ ಕಳಿಸಬೇಕು. ಹೀಗಾಗಿ ಮ್ಯಾನೇಜರ್‌ಗಳಿಗೆ ಇದೊಂದು ಲೆಕ್ಕಪತ್ರದ ಕೆಲಸ. ಆದರೆ ಲೈಸೆನ್ಸ್ ಡೀಮನ್ (ಸರ್ವರ್‌ನ ಹಿನ್ನೆಲೆಯಲ್ಲಿ ಓಡುತ್ತಲೇ ಇರುವ ಪ್ರೋಗ್ರಾಂ) ಅನ್ನೋದು ಇಡೀ ನೆಟ್‌ವರ್ಕ್‌ಗೆ ಪೋರ್ಟ್ ತೆರೆದು ಕೂತಿರುವ ಸರ್ವೀಸ್. ಯಾರು ಏನು ಕಳಿಸಿದರೂ ಬಿಚ್ಚಿ ಓದುತ್ತದೆ. ನೀವು ಯಾರು ಅಂತ ಮೊದಲು ಕೇಳುವುದಿಲ್ಲ.

ಟೇಪ್‌ಔಟ್ ವಾರದ, ಅಂದರೆ ಮುಗಿದ ಡಿಸೈನನ್ನು ಫ್ಯಾಕ್ಟರಿಗೆ ಕಳಿಸುವ ವಾರದ, ಒಂದು ಸಂಜೆ ಲೇಔಟ್ ತಂಡದ ಲೀಡ್ ಫೋನ್ ಮಾಡಿದರು. "ಲೈಸೆನ್ಸ್ ಹೋಯ್ತು ಗುರು, ಡಿಆರ್‌ಸಿ ರನ್ ಎಲ್ಲಾ ನಿಂತಿದೆ." ಡಿಆರ್‌ಸಿ ಅಂದರೆ ಲೇಔಟ್ ನಿಯಮದ ಪ್ರಕಾರ ಇದೆಯೇ ಅಂತ ನೋಡುವ ಪರೀಕ್ಷೆ. ಲೈಸೆನ್ಸ್ ಸ್ಥಿತಿ ತೋರಿಸುವ ಎಲ್‌ಎಂಸ್ಟ್ಯಾಟ್ ಕಮಾಂಡ್ ಹಾಕಿದೆ. ವೆಂಡರ್ ಡೀಮನ್ (ಟೂಲ್ ಕಂಪನಿ ಕೊಟ್ಟ ಡೀಮನ್) ಡೌನ್, ಎರರ್ ಮೈನಸ್ 97. ಡಿಬಗ್ ಲಾಗ್ ನೋಡಿದರೆ ಡೀಮನ್ ಸಿಗ್ನಲ್ 11ಕ್ಕೆ, ಅಂದರೆ ಮುಟ್ಟಬಾರದ ಮೆಮೊರಿ ಮುಟ್ಟಿ, ಸತ್ತಿದೆ. ಮುಖ್ಯ ಲೈಸೆನ್ಸ್ ಡೀಮನ್ ಆದ ಎಲ್‌ಎಂಜಿಆರ್‌ಡಿ ಅದನ್ನು ಮತ್ತೆ ಎಬ್ಬಿಸುತ್ತಿದೆ. ನಾನು ಲಾಗ್ ಓದಿ ಮುಗಿಸುವ ಹೊತ್ತಿಗೆ ಎದ್ದೂ ಆಗಿತ್ತು. ಸದ್ಯ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಬಿತ್ತು.

ಹಾರ್ಟ್‌ಬೀಟ್ (ಲೈಸೆನ್ಸ್ ಸರ್ವರ್ ಎದ್ದಿದೆಯಾ ಅಂತ ಟೂಲ್ ಆಗಾಗ ನೋಡುವುದು) ತಪ್ಪಿದಾಗ ಎಲ್ಲ ಟೂಲ್‌ಗಳೂ ಒಂದೇ ಥರ ನಡೆದುಕೊಳ್ಳುವುದಿಲ್ಲ. ಕೆಲವು ಕಾಯುತ್ತವೆ. ಕೆಲವು ನಾಲ್ಕಾರು ಸಲ ನೋಡಿ ಹೊರಗೆ ಬಂದುಬಿಡುತ್ತವೆ, ಅಲ್ಲಿವರೆಗಿನ ರನ್ ಎಲ್ಲಾ ನೀರುಪಾಲು. ಅಂಥ ಟೂಲ್‌ನಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ನನ್ನ ಡೆಸ್ಕ್ ಹತ್ತಿರ ಬಂದು ನಿಂತರು. ಯಾರೂ ಜೋರಾಗಿ ಮಾತಾಡಲಿಲ್ಲ. ಸುಮ್ನೆ ನನ್ನ ಸ್ಕ್ರೀನ್ ನೋಡುತ್ತಿದ್ದರು. ನಮ್ಮದು ಮೂರು ಸರ್ವರ್‌ಗಳ ಟ್ರಯಾಡ್, ಎರಡು ಎದ್ದಿದ್ದರೆ ಕೆಲಸ ನಡೆಯಬೇಕು. ಅದನ್ನೇ ನಂಬಿಕೊಂಡಿದ್ದೆ. ಆದರೆ ಮೂರರಲ್ಲೂ ಇದ್ದದ್ದು ಒಂದೇ ಬೈನರಿ, ಅದೇ ಪ್ರೋಗ್ರಾಂ. ಒಂದನ್ನು ಕೆಡವಿದ ಪ್ಯಾಕೆಟ್ ಉಳಿದೆರಡನ್ನು ಯಾಕೆ ಬಿಡುತ್ತದೆ?

ಪ್ಯಾಕೆಟ್ ವಿಷಯ ಆಗಿನ್ನೂ ಗೊತ್ತಿರಲಿಲ್ಲ. ಲಿಂಕ್ ಫ್ಲಾಪ್ ಆಗ್ತಿದೆ, ನೆಟ್‌ವರ್ಕ್ ಸಂಪರ್ಕ ಬಿಟ್ಟು ಬಿಟ್ಟು ಹೋಗ್ತಿದೆ ಅಂತಲೇ ನನ್ನ ಗುಮಾನಿ. ನೆಟ್‌ವರ್ಕ್ ತಂಡದವರನ್ನು ಕೂರಿಸಿಕೊಂಡು ಸ್ವಿಚ್ ಪೋರ್ಟ್‌ಗಳ ಕೌಂಟರ್ ನೋಡಿಸಿದೆ. ಎಲ್ಲಾ ಸರಿಯಾಗಿತ್ತು. ಕೊನೆಗೆ ಫೈರ್‌ವಾಲ್ ಲಾಗ್ ತೆಗೆದು ಡೀಮನ್ ಸತ್ತ ಹೊತ್ತಿನ ಪಕ್ಕ ಇಟ್ಟಾಗ ಒಂದೇ ಐಪಿ ಪದೇ ಪದೇ ಕಂಡಿತು. ಅದು ಸೆಕ್ಯೂರಿಟಿ ತಂಡದ ಸ್ಕ್ಯಾನರ್, ನೆಟ್‌ವರ್ಕ್‌ನಲ್ಲಿರುವ ಸರ್ವೀಸ್‌ಗಳಲ್ಲಿ ದೋಷ ಹುಡುಕುವ ಸಾಫ್ಟ್‌ವೇರ್. ನಮ್ಮ ವಿಲ್ಯಾನ್ (ನೆಟ್‌ವರ್ಕ್‌ನಲ್ಲಿ ನಮಗೆ ಬೇರೆ ಮಾಡಿಟ್ಟ ಭಾಗ) ಮೇಲೆ ಅವತ್ತೇ ಮೊದಲ ಸಲ ಬಿಟ್ಟಿದ್ದರು. ತಕ್ಷಣ ಮೇಲ್ ಹಾಕಿದೆ: ಈ ಮೂರು ಐಪಿಗಳನ್ನು ಸ್ಕ್ಯಾನ್‌ನಿಂದ ಕಾಯಂ ಆಗಿ ಹೊರಗಿಡಿ. ಟೇಪ್‌ಔಟ್ ಅನ್ನೋ ಪದ ಇದ್ದ ಕಾರಣ ಕೂಡಲೇ ಅಪ್ರೂವಲ್ ಬಂತು. ರನ್‌ಗಳು ಶುರುವಾದವು. ಕಾಯಿಲೆ ಸ್ಕ್ಯಾನರ್‌ನದ್ದು ಅಂತ ನಾನು ನಂಬಿದ್ದೆ, ನನ್ನ ಮ್ಯಾನೇಜರೂ ನಂಬಿದ್ದರು.

ಮರುದಿನ ಬೆಳಿಗ್ಗೆ ಸೆಕ್ಯೂರಿಟಿ ತಂಡದ ಸಹೋದ್ಯೋಗಿ ಬಂದಳು. "ಸರ್, ಸ್ಕ್ಯಾನ್ ನಿಲ್ಲಿಸಿದೀನಿ. ಆದ್ರೆ ಒಂದು ಕೇಳ್ಲಾ? ಲಾಗಿನ್ ಇಲ್ಲ, ಪಾಸ್‌ವರ್ಡ್ ಇಲ್ಲ, ಹೊರಗಿಂದ ಬಂದ ಒಂದು ಪ್ಯಾಕೆಟ್‌ಗೆ ನಿಮ್ಮ ಸರ್ವೀಸ್ ಸಾಯ್ತಿದೆ. ಆ ಪ್ಯಾಕೆಟ್ ನಮ್ಮ ಬದಲು ಬೇರೆಯವರು ಕಳಿಸಿದ್ರೆ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಇಬ್ಬರೂ ಸೇರಿ ಟೆಸ್ಟ್ ಮಷಿನ್‌ನಲ್ಲಿ ಅದೇ ಡೀಮನ್ ಎಬ್ಬಿಸಿ, ಸತ್ತ ಹೊತ್ತಿನ ಮೆಮೊರಿಯನ್ನು ಉಳಿಸಿಡುವ ಕೋರ್ ಫೈಲ್ ಬರುವ ಹಾಗೆ ಯುಲಿಮಿಟ್ ಸೆಟ್ಟಿಂಗ್ ಬದಲಿಸಿ, ಅದೇ ಸ್ಕ್ಯಾನ್ ಬಿಟ್ಟೆವು. ಕೋರ್ ಫೈಲನ್ನು ಜಿಡಿಬಿ ಡಿಬಗರ್‌ನಲ್ಲಿ ತೆರೆದರೆ, ಪ್ರೊಸೆಸರ್ ಮುಂದೆ ಎಲ್ಲಿಗೆ ಹೋಗಬೇಕು ಅಂತ ಹೇಳುವ ಇನ್‌ಸ್ಟ್ರಕ್ಷನ್ ಪಾಯಿಂಟರ್‌ನಲ್ಲಿ 41414141 ಅಂತಿತ್ತು. 41 ಅಂದರೆ ಇಂಗ್ಲಿಷಿನ ದೊಡ್ಡ 'ಎ' ಅಕ್ಷರದ ಹೆಕ್ಸ್ ಕೋಡ್. ಸ್ಕ್ಯಾನರ್ ಉದ್ದಕ್ಕೆ 'ಎ'ಗಳನ್ನೇ ತುಂಬಿ ಕಳಿಸಿತ್ತು. ನಮ್ಮ 32 ಬಿಟ್ ಡೀಮನ್ ಅದನ್ನು ಸ್ಟ್ಯಾಕ್ ಮೆಮೊರಿಯಲ್ಲಿದ್ದ ಚಿಕ್ಕ ಬಫರ್‌ಗೆ (ಡೇಟಾ ಇಡುವ ಜಾಗಕ್ಕೆ) ಉದ್ದ ನೋಡದೆ ಕಾಪಿ ಮಾಡಿತ್ತು. ಪಾವಿಗೆ ಸೇರು ಅಕ್ಕಿ ಸುರಿದ ಹಾಗೆ. ಚೆಲ್ಲಿದ್ದು ಪಕ್ಕದಲ್ಲಿದ್ದ ರಿಟರ್ನ್ ಅಡ್ರೆಸ್ ಮೇಲೆ. ಫಂಕ್ಷನ್ ಮುಗಿದಾಗ ಪ್ರೊಸೆಸರ್ 41414141ಕ್ಕೆ ಹೋಯಿತು, ಅಲ್ಲಿ ಏನೂ ಇರಲಿಲ್ಲ, ಸಿಗ್ನಲ್ 11 ಬಂತು. ಆ ಜಾಗದಲ್ಲಿ ಲೆಕ್ಕ ಹಾಕಿ ಇಟ್ಟ ಅಡ್ರೆಸ್ ಇದ್ದಿದ್ದರೆ ಡೀಮನ್ ಸಾಯುತ್ತಿರಲಿಲ್ಲ. ಕಳಿಸಿದವರ ಕೋಡ್ ಓಡಿಸುತ್ತಿತ್ತು. ಆ ಡೀಮನ್ ಓಡುತ್ತಿದ್ದದ್ದು ರೂಟ್ ಆಗಿ, ಅಂದರೆ ಮಷಿನ್‌ನ ಎಲ್ಲ ಅಧಿಕಾರ ಇರುವ ಯೂಸರ್ ಆಗಿ.

ರೂಟ್ ಬೇಕೇ ಇರಲಿಲ್ಲ. ಎಲ್‌ಎಂಜಿಆರ್‌ಡಿ ಮಾಮೂಲಿಯಾಗಿ ಕೇಳುವುದು 27000ದಿಂದ 27009ರೊಳಗಿನ ಪೋರ್ಟ್‌ನಲ್ಲಿ, ಅದಕ್ಕೆ ಸಾಮಾನ್ಯ ಯೂಸರ್ ಸಾಕು. ಬೂಟ್ ಸ್ಕ್ರಿಪ್ಟ್‌ನಲ್ಲಿ ಯಾವಾಗಲೋ ಯಾರೋ ಹಾಗೆ ಬರೆದಿದ್ದರು, ಅದೇ ಉಳಿದಿತ್ತು. ಇನ್ನೊಂದು: ಲೈಸೆನ್ಸ್ ಫೈಲ್‌ನ ವೆಂಡರ್ ಲೈನ್‌ನಲ್ಲಿ ಪೋರ್ಟ್ ಬರೆಯದಿದ್ದರೆ ಡೀಮನ್ ಎದ್ದಾಗೆಲ್ಲ ಬೇರೆ ಬೇರೆ ಪೋರ್ಟ್ ಹಿಡಿಯುತ್ತದೆ. ಆ ತಲೆನೋವಿಗೆ ಫೈರ್‌ವಾಲ್‌ನಲ್ಲಿ ದೊಡ್ಡ ರೇಂಜನ್ನೇ ತೆರೆದಿಟ್ಟಿದ್ದೆವು. ವೈಫೈನಲ್ಲಿದ್ದ ಯಾವ ಲ್ಯಾಪ್‌ಟಾಪ್‌ನಿಂದ ಬೇಕಾದರೂ ಡೀಮನ್ ತಲುಪಬಹುದಿತ್ತು.

ಆಮೇಲೆ ಇಂಥ ದೋಷಗಳ ಬಗ್ಗೆ ಬಂದ ಹಳೆಯ ಅಡ್ವೈಸರಿಗಳನ್ನು ಓದುತ್ತಾ ಹೋದೆ. ಇಷ್ಟು ವರ್ಷ ಇದೇ ಕೆಲಸದಲ್ಲಿದ್ದು ಇವನ್ನು ಓದಿರಲಿಲ್ಲವಲ್ಲ ಅಂತ ಬೇಜಾರಾಯಿತು. 2005ರ ಮಾರ್ಚ್‌ನಲ್ಲೇ ಕಂಪ್ಯೂಟರ್ ಅಸೋಸಿಯೇಟ್ಸ್‌ನ ಲೈಸೆನ್ಸ್ ಕ್ಲೈಂಟ್ ಮತ್ತು ಸರ್ವರ್‌ನಲ್ಲಿ ಹಲವು ಬಫರ್ ಓವರ್‌ಫ್ಲೋಗಳು, ನಮ್ಮಲ್ಲಾದಂಥವೇ, ಬಯಲಾಗಿದ್ದವು. ಅದೇ ತಿಂಗಳು ಸೆಂಟಿನೆಲ್ ಎಲ್‌ಎಂ ಅನ್ನೋ ಲೈಸೆನ್ಸ್ ಸಾಫ್ಟ್‌ವೇರ್‌ನಲ್ಲೂ ಒಂದು. ಯುಡಿಪಿ 5093 ಪೋರ್ಟ್‌ಗೆ ಉದ್ದದ ಡೇಟಾ ಕಳಿಸಿದರೆ ಸಾಕಿತ್ತು. ಎಲ್‌ಎಂಜಿಆರ್‌ಡಿ ಇರುವ ಫ್ಲೆಕ್ಸ್‌ನೆಟ್ ಪಬ್ಲಿಷರ್‌ನ ಸಿವಿಇ-2015-8277 (ಸಿವಿಇ ಅಂದರೆ ದೋಷಕ್ಕೆ ಕೊಡುವ ಸಾರ್ವಜನಿಕ ನಂಬರ್) ನನಗೆ ಎಲ್ಲಕ್ಕಿಂತ ಹತ್ತಿರದ್ದು. ಎಲ್‌ಎಂಜಿಆರ್‌ಡಿಯಲ್ಲೂ ವೆಂಡರ್ ಡೀಮನ್‌ನಲ್ಲೂ ದೋಷ, ಕಾರಣ ಸ್ವಂತಕ್ಕೆ ಬರೆದುಕೊಂಡ ಸ್ಟ್ರಿಂಗ್ ಕಾಪಿ ಫಂಕ್ಷನ್. 2020ರಲ್ಲಿ ಕ್ಲಾರೊಟಿ ಅನ್ನೋ ಸೆಕ್ಯೂರಿಟಿ ಕಂಪನಿಯವರು ಕೋಡ್‌ಮೀಟರ್ ಲೈಸೆನ್ಸ್ ಸಾಫ್ಟ್‌ವೇರ್‌ನಲ್ಲಿ ಆರು ದೋಷ ತೋರಿಸಿದರು. ಅದರಲ್ಲಿ ಒಂದಕ್ಕೆ ತೀವ್ರತೆಯಲ್ಲಿ 10ಕ್ಕೆ 10 ಸ್ಕೋರ್, ಅಲ್ಲೂ ಪ್ಯಾಕೆಟ್ ಹೇಳಿದ ಉದ್ದವನ್ನು ಪರೀಕ್ಷಿಸದೆ ನಂಬಿದ್ದೇ ತೊಂದರೆ. ದಾಳಿ ಮಾಡಿ ನೋಡುವ ಟೂಲ್ ಮೆಟಾಸ್ಪ್ಲಾಯಿಟ್‌ನಲ್ಲಿ ವಿಂಡೋಸ್ ಎಕ್ಸ್‌ಪ್ಲಾಯಿಟ್‌ಗಳ (ದೋಷ ಬಳಸಿ ಒಳನುಗ್ಗುವ ಕೋಡ್‌ಗಳ) ಒಳಗೆ 'ಲೈಸೆನ್ಸ್' ಅಂತಲೇ ಒಂದು ಫೋಲ್ಡರ್ ಇದೆ. ದಾಳಿ ಮಾಡುವವರಿಗೆ ಈ ಸರ್ವೀಸ್‌ಗಳು ಚೆನ್ನಾಗಿ ಗೊತ್ತು. ಗೊತ್ತಿಲ್ಲದವರು ಅವನ್ನು ನಡೆಸುವ ನಾವು.

ಡಾಂಗಲ್ (ಲೈಸೆನ್ಸ್‌ಗಾಗಿ ಚುಚ್ಚುವ ಯುಎಸ್‌ಬಿ ಟೋಕನ್) ಬಳಸುವವರು ಸೆಂಟಿನೆಲ್ ಹಾಸ್ಪ್ ಕಥೆಯನ್ನೂ ತಿಳಿದಿರಬೇಕು. 2018ರ ಜನವರಿಯಲ್ಲಿ ಕ್ಯಾಸ್ಪರ್‌ಸ್ಕಿ ಲ್ಯಾಬ್ ಅದರಲ್ಲಿ 14 ದೋಷ ಪ್ರಕಟಿಸಿತು. ಟೋಕನ್ ಮೊದಲ ಸಲ ಚುಚ್ಚಿದಾಗ ಅದರ ಡ್ರೈವರ್ ವಿಂಡೋಸ್ ಫೈರ್‌ವಾಲ್‌ನಲ್ಲಿ 1947ನೇ ಪೋರ್ಟ್‌ಗೆ ದಾರಿ ಮಾಡಿಕೊಳ್ಳುತ್ತದೆ. ಟೋಕನ್ ಕಿತ್ತರೂ ದಾರಿ ಮುಚ್ಚುವುದಿಲ್ಲ. ನಮ್ಮ ಲ್ಯಾಬ್ ಪಿಸಿಗಳಲ್ಲಿ ಹುಡುಕಿದರೆ ಡಾಂಗಲ್ ಯಾವತ್ತೋ ತೆಗೆದ ಮಷಿನ್‌ಗಳಲ್ಲೂ 1947 ತೆರೆದೇ ಇತ್ತು.

ಅಪ್‌ಗ್ರೇಡ್ ಮಾಡೋದು ಹೇಳಿದಷ್ಟು ಸುಲಭ ಅಲ್ಲ. ಓಎಸ್ ಪ್ಯಾಚ್ ಹಾಕಿದರೆ ಡೀಮನ್ ಸರಿಹೋಗುವುದಿಲ್ಲ. ದೋಷ ಇರುವ ಲೈಬ್ರರಿ ವೆಂಡರ್ ಡೀಮನ್ ಒಳಗೇ ಸೇರಿಕೊಂಡಿರುತ್ತದೆ, ಹಾಗಾಗಿ ಒಂದೊಂದು ಟೂಲ್ ಕಂಪನಿಯೂ ತನ್ನ ಡೀಮನ್ ಹೊಸದಾಗಿ ಕಟ್ಟಿ ಕೊಡಬೇಕು. ಎಲ್‌ಎಂಜಿಆರ್‌ಡಿ ಮಾತ್ರ ಹೊಸದು ಹಾಕಿ "ಆಯ್ತು" ಅಂತ ಟಿಕೆಟ್ ಮುಚ್ಚುವವರನ್ನು ನೋಡಿದ್ದೇನೆ. ಅರ್ಧ ಕೆಲಸ ಅದು. ಲೈಸೆನ್ಸ್ ಮಷಿನ್‌ನ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ಅಡ್ರೆಸ್‌ಗೆ ಕಟ್ಟಿರುವುದರಿಂದ ಹಳೇ ಮಷಿನ್ ಬಿಟ್ಟು ಹೋಗಲೂ ಆಗುವುದಿಲ್ಲ, ರೀಹೋಸ್ಟ್ ಅಂತ ಫಾರ್ಮ್ ತುಂಬಿ ಕಾಯಬೇಕು. ಒಂದು ಟೂಲ್ ಕಂಪನಿ "ಇದು ಗೊತ್ತಿರುವ ಸಮಸ್ಯೆ, ಮುಂದಿನ ವರ್ಷನ್‌ಗೆ ಬನ್ನಿ" ಅಂತ ಒಂದೇ ಸಾಲು ಬರೆದು ಸುಮ್ಮನಾಯಿತು. ಗೊತ್ತಿದ್ದರೆ ದುಡ್ಡು ಕೊಡುವ ಗ್ರಾಹಕರಿಗೆ ಮೊದಲೇ ಹೇಳಬೇಕಿತ್ತು, ಅಲ್ವಾ? ಡೌನ್‌ಟೈಮ್ ಕೇಳಿದರೆ ನಮ್ಮ ಮೇಲಿನವರದ್ದು ಒಂದೇ ಮಾತು: ಟೇಪ್‌ಔಟ್ ಆಗಲಿ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ.

ಡೌನ್‌ಟೈಮ್ ಜಾಸ್ತಿ ಬೇಡದ ಕೆಲಸ ಮೊದಲು ಮುಗಿಸಿದೆವು. ಡೀಮನ್‌ಗಳು ಈಗ ಶೆಲ್ ಇಲ್ಲದ, ಲಾಗಿನ್ ಆಗಲು ಬಾರದ ಬೇರೆ ಯೂಸರ್ ಆಗಿ ಓಡುತ್ತವೆ. ವೆಂಡರ್ ಲೈನ್‌ನಲ್ಲಿ ಪೋರ್ಟ್ ಕಾಯಂ ಮಾಡಿ, ಕಂಪ್ಯೂಟ್ ಫಾರ್ಮ್ ಮತ್ತು ಡಿಸೈನ್ ವಿಲ್ಯಾನ್‌ಗೆ ಮಾತ್ರ ಬಿಟ್ಟಿದ್ದೇವೆ. ಹೊರಗಿಂದ ಲೈಸೆನ್ಸ್ ಸರ್ವರ್ ನಿಲ್ಲಿಸುವ ಎಲ್‌ಎಂಡೌನ್ ಕಮಾಂಡ್ ಹಾಕಲು ಬಿಡುವುದಿಲ್ಲ. ನನ್ನ ಆ ಮೇಲ್ ಕೊಟ್ಟಿದ್ದ ವಿನಾಯಿತಿ ತೆಗೆಸಿ, ಸ್ಕ್ಯಾನ್ ಮತ್ತೆ ಶುರು ಮಾಡಿಸಿದೆ. ಮೊದಲು ಟೆಸ್ಟ್ ಮಷಿನ್, ಆಮೇಲೆ ಟ್ರಯಾಡ್. ವೆಂಡರ್ ಡೀಮನ್‌ಗಳು ಒಂದೊಂದಾಗಿ ಬದಲಾದವು. ಒಂದು ಮಾತ್ರ ಉಳಿದಿದೆ. ಆ ಟೂಲಿಗೆ ಸಪೋರ್ಟ್ ನಿಂತು ಕಾಲವಾಯಿತು, ಹೊಸ ಡೀಮನ್ ಬರುವುದಿಲ್ಲ. ಅದನ್ನು ಪ್ರತ್ಯೇಕ ವಿಎಂನಲ್ಲಿ (ವರ್ಚುವಲ್ ಮಷಿನ್‌ನಲ್ಲಿ) ಇಟ್ಟು, ಬೇಕಾದ ಹೋಸ್ಟ್‌ಗಳಿಗೆ ಮಾತ್ರ ತೆರೆದಿದ್ದೇನೆ. ಬದಲಿ ಟೂಲ್‌ಗೆ ಈ ಕ್ವಾರ್ಟರ್‌ನ ಬಜೆಟ್‌ನಲ್ಲಿ ದುಡ್ಡು ಕೇಳಿದ್ದೇನೆ, ಆ ಕೋರ್ ಫೈಲ್‌ನ ಸ್ಕ್ರೀನ್‌ಶಾಟ್ ಜೊತೆಗಿಟ್ಟು.