‘ಪೂರ್ತಿ ಬಂದ ಮೇಲೆ ಹಾಕಬಾರದಾ?’

ಇಲ್ಲ, ಆಗುವುದಿಲ್ಲ. ನನ್ನ ಉತ್ತರ ಇಷ್ಟೇ. ಜಾಸ್ತಿ ಬೇಕು ಅನ್ನುವವರು ಮುಂದೆ ಓದಿ. ಫೋನಿನಲ್ಲಿ, ಮದುವೆಮನೆಯಲ್ಲಿ, ತರಕಾರಿ ಅಂಗಡಿಯ ಮುಂದೆ ಇದನ್ನೇ ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ.

ಗೊತ್ತಿಲ್ಲದವರಿಗೆ ವಿಷಯ ಹೇಳಿಬಿಡುತ್ತೇನೆ. ನಾನು ವೀಣೆ ನುಡಿಸುತ್ತೇನೆ, ಮಕ್ಕಳಿಗೆ ಪಾಠ ಹೇಳುತ್ತೇನೆ. ವಾರಕ್ಕೊಂದು ದಿನ ನನ್ನ ಸಾಧನೆಯನ್ನು, ಅಂದರೆ ಮನೆಯ ಅಭ್ಯಾಸವನ್ನು, ಫೋನಿನಲ್ಲಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುತ್ತೇನೆ. ಕತ್ತರಿಸುವುದಿಲ್ಲ, ತಿದ್ದುವುದಿಲ್ಲ. ಒಂದೇ ಸಾಲು ಇಪ್ಪತ್ತು ಸಲ ಬರುತ್ತದೆ. ಹತ್ತೊಂಬತ್ತು ಸಲ ತಪ್ಪಿರುತ್ತದೆ. ಶ್ರುತಿ ಇಳಿದದ್ದು ಗೊತ್ತಾಗಿ ಮಧ್ಯದಲ್ಲೇ ನಿಲ್ಲಿಸಿ ಬಿರಡೆ ತಿರುಗಿಸುತ್ತೇನೆ. ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತೇನೆ. ಅದೆಲ್ಲ ಅದರಲ್ಲಿರುತ್ತದೆ.

ಎರಡು ವರ್ಷದ ಹಿಂದೆ ನಂಜನಗೂಡಿನಲ್ಲಿ ನೆಂಟರ ಮನೆ ಗೃಹಪ್ರವೇಶ. ಪಂಕ್ತಿಯಲ್ಲಿ ನನ್ನ ಎದುರಿಗೆ ದೂರದ ಸಂಬಂಧಿಕರೊಬ್ಬರು ಕೂತಿದ್ದರು. ಹಿರಿಯರು, ಸಂಗೀತ ಬಲ್ಲವರು. ಎಲೆಯ ತುದಿಗೆ ಉಪ್ಪು ಬಿದ್ದಿತ್ತಷ್ಟೇ, ಶುರು ಮಾಡಿದರು. “ಅಲ್ಲಮ್ಮಾ, ನಿನ್ನ ಕೈ ಚೆನ್ನಾಗಿದೆ. ಆದ್ರೆ ಅರೆಬೆಂದ ಅನ್ನ ಯಾಕಮ್ಮಾ ಬಡಿಸ್ತೀಯ? ಬೇಯಲಿ, ಆಮೇಲೆ ಬಡಿಸು.” ಪಂಕ್ತಿ ಪೂರ್ತಿ ನಕ್ಕಿತು. ಸಾರಿನ ಬಕೆಟ್ ಹಿಡಿದವನೂ ನಿಂತು ನಕ್ಕ. ದೊಡ್ಡವರ ಎದುರು ಮಾತಾಡಬಾರದು ಅಂತ ನಾನು ಸುಮ್ನೆ ಊಟ ಮಾಡಿ ಎದ್ದೆ.

ಅವತ್ತು ಹೇಳದೆ ಉಳಿಸಿಕೊಂಡದ್ದನ್ನು ಇವತ್ತು ಹೇಳುತ್ತೇನೆ. ಅನ್ನಕ್ಕೆ ಬೇಯುವ ಹೊತ್ತು ಅಂತ ಒಂದಿದೆ. ಮೂರು ವಿಷಲ್ ಆಯಿತು, ಕುಕ್ಕರ್ ಇಳಿಸಿದಿರಿ, ಮುಗಿಯಿತು. ವರ್ಣಕ್ಕೆ ವಿಷಲ್ ಎಲ್ಲಿದೆ ಸ್ವಾಮಿ?

ವರ್ಣ ಅಂದರೆ ಕಲಿಯುವವರು ಕೈ ಪಳಗಿಸಿಕೊಳ್ಳುವ ಒಂದು ಥರದ ರಚನೆ. ಭೈರವಿ ರಾಗದ ಅಟ ತಾಳ ವರ್ಣವನ್ನೇ ತಗೊಳ್ಳಿ. ಕರ್ನಾಟಕ ಸಂಗೀತ ಕಲಿತವರು ಯಾರೂ ಅದನ್ನು ದಾಟದೆ ಮುಂದೆ ಹೋಗಿರುವುದಿಲ್ಲ. ಐದು, ಐದು, ಎರಡು, ಎರಡು, ಒಟ್ಟು 14 ಅಕ್ಷರದ, ಅಂದರೆ 14 ಎಣಿಕೆಯ ತಾಳ. ನನಗೆ ಪಾಠ ಆದದ್ದು 1996ರಲ್ಲಿ. ಆ ವರ್ಷವೇ ಎರಡು ಕಾಲದಲ್ಲಿ, ಅಂದರೆ ಎರಡು ವೇಗದಲ್ಲಿ, ನುಡಿಸಿ ತೋರಿಸಿದ್ದೆ. ಹಾಗಾದರೆ ಅದು 1996ರಲ್ಲೇ ‘ಪೂರ್ತಿ ಬಂತಾ’? ಇವತ್ತಿಗೂ ಅದರ ಗಾಂಧಾರದ, ಅಂದರೆ ‘ಗ’ ಸ್ವರದ, ಹತ್ತಿರ ಬಂದಾಗ ನನ್ನ ಉಸಿರು ಬಿಗಿಯಾಗುತ್ತದೆ. ವೀಣೆಯಲ್ಲಿ ಗಾಂಧಾರಕ್ಕೆ ಅಂತಲೇ ಒಂದು ಮೆಟ್ಟಿಲಿದೆ. ಅಲ್ಲಿ ಬೆರಳಿಟ್ಟು ಮೀಟಿದರೆ ಸ್ವರ ಬರುತ್ತದೆ, ಭೈರವಿ ಬರುವುದಿಲ್ಲ. ಅದಕ್ಕಿಂತ ಕೆಳಗಿನ ರಿಷಭದ (‘ರಿ’) ಮೆಟ್ಟಿಲ ಮೇಲೆ ಬೆರಳಿಟ್ಟು ತಂತಿಯನ್ನು ಪಕ್ಕಕ್ಕೆ ಎಳೆಯಬೇಕು. ಎಷ್ಟು ಎಳೆಯಬೇಕು, ಯಾವಾಗ ಬಿಡಬೇಕು, ಬಿಟ್ಟ ಮೇಲೆ ಮತ್ತೆ ಎಷ್ಟಕ್ಕೆ ಹಿಡಿಯಬೇಕು? ಯಾವ ಪುಸ್ತಕದಲ್ಲೂ ಬರೆದಿಲ್ಲ. ಬರೆಯಲು ಬರುವುದೂ ಇಲ್ಲ. ಸ್ವರಗಳು ಮೇಲೆ ಹತ್ತುವಾಗ ಒಂದು ಧೈವತ (‘ದ’), ಇಳಿಯುವಾಗ ಇನ್ನೊಂದು. ಒಂದು ಕೂದಲೆಳೆ ಹೆಚ್ಚು ಎಳೆದರೆ ರಾಗದ ಮುಖವೇ ಬೇರೆ. ಇದು ಸೋಮವಾರ ಬಂದು ಮಂಗಳವಾರ ಕೈಕೊಡುತ್ತದೆ. ನಾನು ಯಾವ ದಿನ ನೋಡಿ ‘ಪೂರ್ತಿ ಬಂತು’ ಅಂತ ಹೇಳಲಿ?

ಈ ‘ಪೂರ್ತಿ’ ಎಲ್ಲಿಂದ ಬಂತು ಅಂತ ನಾನು ತುಂಬಾ ಯೋಚಿಸಿದ್ದೇನೆ. ನನಗನ್ನಿಸುವುದು, ಇದು ಗ್ರಾಮಫೋನ್ ಪ್ಲೇಟಿನ ಜೊತೆ ಬಂದದ್ದು. 1902ರಲ್ಲಿ ಕಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ಅವರು ಹಾಡಿ ಪ್ಲೇಟ್ ಕೊಟ್ಟರು. ಒಂದು ರಾಗವನ್ನು ಮೂರು ನಿಮಿಷದೊಳಗೆ ಮಡಚಿಡಬೇಕಿತ್ತು. ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿ ಮುಗಿಸುತ್ತಿದ್ದರು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ನಮ್ಮ ಮೈಸೂರಿಗೆ ಬಂದರು, 1930ರಲ್ಲಿ ಇಲ್ಲೇ ತೀರಿಕೊಂಡರು. ಅವರ ಪ್ಲೇಟುಗಳು ಈಗಲೂ ಕೇಳಲು ಸಿಗುತ್ತವೆ. ಆದರೆ ಈ ಊರಿನ ಮನೆಯಲ್ಲಿ ಬೆಳಿಗ್ಗೆ ಎದ್ದು ಅವರು ಏನು ಹಾಡಿಕೊಳ್ಳುತ್ತಿದ್ದರು? ಯಾವ ತಾನ್‌ಗೆ, ಅಂದರೆ ಸ್ವರಗಳ ವೇಗದ ಓಟಕ್ಕೆ, ಎರಡನೇ ಸಲ, ಮೂರನೇ ಸಲ ಪ್ರಯತ್ನ ಮಾಡುತ್ತಿದ್ದರು? ಅದು ಅವತ್ತು ಆ ಬೀದಿಯಲ್ಲಿ ನಡೆದು ಹೋದವರಿಗೆ ಮಾತ್ರ ಗೊತ್ತಿತ್ತು. ನಮಗೆ ಉಳಿದದ್ದು ಮೂರು ಮೂರು ನಿಮಿಷ. ಅದನ್ನೇ ಕೇಳಿ ಕೇಳಿ ಸಂಗೀತ ಅಂದರೆ ಹೀಗೆ ಕೊರೆದಿಟ್ಟ ಹಾಗೆ ಬರುವುದು ಅಂದುಕೊಂಡಿದ್ದೇವೆ.

ನಾನೂ ಹಾಗೇ ಅಂದುಕೊಂಡಿದ್ದೆ. ಹದಿನೈದು ವರ್ಷದವಳಿದ್ದಾಗ ಮನೆಯಲ್ಲಿ ದೊಡ್ಡ ವಿದ್ವಾಂಸರ ಕ್ಯಾಸೆಟ್ ಹಾಕಿಕೊಂಡು ಕೂತು ಅತ್ತಿದ್ದೇನೆ. ಸಂತೋಷಕ್ಕಲ್ಲ. ಇವರಿಗೆಲ್ಲ ಇದು ಹೀಗೆ ತಾನಾಗಿ ಬಂದುಬಿಡುತ್ತದೆ, ನನಗೆ ಬರುತ್ತಿಲ್ಲ, ಹಾಗಾದರೆ ನನ್ನಲ್ಲಿ ಏನೋ ಇಲ್ಲ ಅಂತ. ವೀಣೆ ಬಿಟ್ಟುಬಿಡುತ್ತೇನೆ ಅಂತ ಅಮ್ಮನಿಗೆ ಹೇಳಿಯೂ ಆಗಿತ್ತು.

ಬಿಡದ ಹಾಗೆ ಮಾಡಿದ್ದು ಇನ್ನೊಂದು ಥರದ ಕ್ಯಾಸೆಟ್. ನಮ್ಮ ಟೀಚರ್ ಪಾಠವನ್ನು ರೆಕಾರ್ಡ್ ಮಾಡಿಕೊಳ್ಳಲು ಬಿಡುತ್ತಿದ್ದರು. ಆಗ ತುಂಬಾ ಜನ ಬಿಡುತ್ತಿರಲಿಲ್ಲ. ಇಟ್ಟಿಗೆಯಷ್ಟು ಭಾರದ ಟೇಪ್ ರೆಕಾರ್ಡರನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಸೈಕಲ್ ಹ್ಯಾಂಡಲಿಗೆ ತೂಗುಹಾಕಿ ಹೋಗುತ್ತಿದ್ದೆ. 60 ನಿಮಿಷದ ಕ್ಯಾಸೆಟ್, ಒಂದು ಕಡೆಗೆ ಅರ್ಧ ಗಂಟೆ. ಸಾಲಿನ ನಡುವೆ ಟಕ್ ಅಂತ ಬಟನ್ ಮೇಲೇಳುತ್ತಿತ್ತು. ಆ ಕ್ಯಾಸೆಟ್‌ಗಳಲ್ಲಿ ಏನೆಲ್ಲ ಇದೆ ಗೊತ್ತಾ? ಹಾಲಿನವನ ಬೆಲ್ಲು. “ಎರಡು ಲೋಟ ಕಾಫಿ” ಅಂತ ಒಳಗೆ ಕೂಗಿದ್ದು. “ಅಯ್ಯೋ ಹಾಗಲ್ಲ ಕಣೇ, ತಂತಿ ಎಳೆದು ಅಲ್ಲೇ ಸಾಯಿಸಬೇಡ, ಬಿಡು, ಬಿಡು” ಅನ್ನುವ ಅವರ ಗಂಟಲು.

1997ರಲ್ಲಿ ಸತತ ಮೂರು ವಾರದ ಕ್ಯಾಸೆಟ್‌ಗಳಿವೆ. ಟೀಚರ್ ಆಗ ಕಲ್ಯಾಣಿ ರಾಗದ ಒಂದು ಕೃತಿಗೆ ತಾವೇ ಚಿಟ್ಟೆಸ್ವರ, ಅಂದರೆ ಕೃತಿಯ ನಡುವೆ ನುಡಿಸುವ ಸ್ವರಗಳ ಸಾಲು, ಮಾಡುತ್ತಿದ್ದರು. ಆದಿತಾಳ, ಎರಡು ಆವರ್ತ, ಅಂದರೆ ತಾಳದ ಎರಡು ಸುತ್ತು. ಮೊದಲ ವಾರ ನನ್ನ ಪಾಠ ಮುಗಿಸಿ “ಇದು ಹೇಗಿದೆ ನೋಡು” ಅಂತ ನುಡಿಸುತ್ತಾರೆ. ಎಡುಪಿಗೆ, ಅಂದರೆ ಕೃತಿಯನ್ನು ಮತ್ತೆ ಎತ್ತಿಕೊಳ್ಳುವ ಜಾಗಕ್ಕೆ, ಬರುವಷ್ಟರಲ್ಲಿ ಎರಡು ಅಕ್ಷರ ಸಾಲದೆ ಬರುತ್ತದೆ. ತೊಡೆ ಮೇಲೆ ತಾಳ ಹಾಕಿ ಮತ್ತೆ ಎಣಿಸುತ್ತಾರೆ. ಮತ್ತೆ ಅಷ್ಟೇ. “ಇರಲಿ, ಮುಂದಿನ ವಾರ ನೋಡೋಣ.” ಎರಡನೇ ವಾರ ಲೆಕ್ಕ ಸರಿ ಬರುತ್ತದೆ. ಆದರೆ ಅವರಿಗೇ ಇಷ್ಟವಾಗುವುದಿಲ್ಲ. “ಲೆಕ್ಕ ಬಂತು, ಕಲ್ಯಾಣಿ ಎಲ್ಲಿ ಹೋದಳು?” ಅನ್ನುತ್ತಾರೆ. ಮೂರನೇ ವಾರ ಹಿಂದಿನ ಸಾಲಿನ ಅರ್ಧ ಕಿತ್ತುಹಾಕಿ, ಪಂಚಮದ ಮೇಲೆ ಒಂದು ಕಡೆ ಸುಮ್ನೆ ನಿಲ್ಲುತ್ತಾರೆ. ಆ ನಿಲುಗಡೆಯಲ್ಲಿ ಅಕ್ಷರವೂ ಕೂಡಿಬಂತು, ಕಲ್ಯಾಣಿಯೂ ಬಂದಳು. ಆಮೇಲೆ ಕಚೇರಿಯಲ್ಲಿ ಅದನ್ನೇ ನುಡಿಸಿದಾಗ ಜನ ತಲೆದೂಗಿದರು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಆ ನಿಲುಗಡೆ ಬಂದಾಗ ನನಗೆ ಮೈ ಜುಮ್ಮೆಂದಿತು. ಅದು ಎಲ್ಲಿಂದ ಬಂತು ಅಂತ ಅಷ್ಟು ಜನರಲ್ಲಿ ನನಗೊಬ್ಬಳಿಗೆ ಗೊತ್ತಿತ್ತು.

ಆ ಭಾಗ್ಯ ನನಗೆ ಒಂದೇ ಕಾರಣಕ್ಕೆ ಸಿಕ್ಕಿತು. ಟೀಚರ್ ಮನೆ ನಮ್ಮ ಮನೆಯಿಂದ ಸೈಕಲ್ ದೂರದಲ್ಲಿತ್ತು. ಹಿರಿಯೂರಿನ ಹತ್ತಿರದ ಹಳ್ಳಿಯಲ್ಲಿ ಕೂತು ಆನ್‌ಲೈನ್ ಪಾಠ ಕಲಿಯುವ ಹುಡುಗಿಗೆ ಅದು ಎಲ್ಲಿ ಸಿಗಬೇಕು? ಅವಳಿಗೆ ಸಿಗುವುದು ಕಚೇರಿಯ ವಿಡಿಯೋ, ರೇಷ್ಮೆ ಸೀರೆ, ಒಂದೂ ತಪ್ಪಿಲ್ಲದ ತಾನ. ನಾನು ಹದಿನೈದರಲ್ಲಿ ಅತ್ತ ಹಾಗೆ ಅವಳೂ ಅಳುತ್ತಿರಬಹುದು, ಅಲ್ವಾ? ನಾನು ಹಾಕುವುದು ಅವಳಿಗೆ. ‘ರಸಿಕರಿಗೆ’ ಅಂತ ನಾನು ಯಾವತ್ತೂ ಹೇಳಿಲ್ಲ.

“ದೊಡ್ಡವರು ಯಾರಾದರೂ ಹೀಗೆ ಮಾಡುತ್ತಾರಾ?” ಅಂತ ಇನ್ನೊಂದು ಪ್ರಶ್ನೆ ಬರುತ್ತದೆ. ಮಾಡಿದ್ದಾರೆ. ಅಮೆರಿಕದ ಪಿಟೀಲು ವಾದಕಿ ಹಿಲರಿ ಹಾನ್ ಜಗತ್ತಿನ ದೊಡ್ಡ ದೊಡ್ಡ ವೇದಿಕೆಗಳಲ್ಲಿ ನುಡಿಸುವವರು. 2017ರಲ್ಲಿ ಅವರು ನೂರು ದಿನದ ಸಾಧನೆ ಅಂತ ಶುರು ಮಾಡಿ, ದಿನದಿನದ ಅಭ್ಯಾಸದ ತುಣುಕುಗಳನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕಿದರು. ಅದನ್ನು ನೋಡಿ ಎಷ್ಟೋ ದೇಶದ ಕಲಾವಿದರು, ವಿದ್ಯಾರ್ಥಿಗಳು ತಮ್ಮ ನೂರು ದಿನ ಶುರು ಮಾಡಿದರು. ಅದಕ್ಕೂ ಹಿಂದೆ, 1959ರಲ್ಲಿ, ಸ್ಯಾಕ್ಸೊಫೋನಿನ ಸನ್ನಿ ರಾಲಿನ್ಸ್ ಒಳ್ಳೆ ಹೆಸರು ಬಂದ ಕಾಲದಲ್ಲೇ ಕಚೇರಿ ನಿಲ್ಲಿಸಿದರು. ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆ ಮೇಲೆ ಹೋಗಿ ಗಂಟೆಗಟ್ಟಲೆ ಸಾಧನೆ ಮಾಡಿದರು. 1961ರವರೆಗೂ ಅದೇ. ಮನೆಯಲ್ಲಿ ಊದಿದರೆ ಅಕ್ಕಪಕ್ಕದವರಿಗೆ ತೊಂದರೆ ಅಂತ ಅಲ್ಲಿಗೆ ಹೋದದ್ದು. ಸೇತುವೆ ದಾಟುವ ಯಾರಾದರೂ ಕೇಳಬಹುದಿತ್ತು. ಬೇಯುವವರೆಗೂ ಮುಚ್ಚಳ ತೆಗೆಯಬೇಡಿ ಅಂತ ಅವರಿಗೆ ಯಾರೂ ಹೇಳಲಿಲ್ಲ ಅಂತ ಕಾಣುತ್ತದೆ.

ಹೆಸರು ಕೆಡುತ್ತದೆ ಅನ್ನುವವರಿಗೆ ಒಂದು ಮಾತು. ಹೌದು, ಕೆಟ್ಟಿದೆ. ಒಂದು ಸಂಗೀತ ಸಭೆಯವರು ನನಗೆ ಮುಕ್ಕಾಲು ಗಂಟೆಯ ಕಚೇರಿ ಕೊಟ್ಟಿದ್ದರು. ಆಮೇಲೆ ಫೋನ್ ಮಾಡಿ “ನಿಮ್ಮ ರೆಕಾರ್ಡಿಂಗ್ ಕೇಳಿದೆವು, ಇನ್ನೂ ಸ್ವಲ್ಪ ಸಾಧನೆ ಬೇಕು ಅನ್ನಿಸಿತು” ಅಂದರು. ಕಚೇರಿ ಹೋಯಿತು. ಅವರು ಕೇಳಿದ ರೆಕಾರ್ಡಿಂಗಿನ ಮೇಲೆ ‘ಸಾಧನೆ’ ಅಂತಲೇ ಬರೆದಿತ್ತು! ನನಗೆ ತುಂಬಾ ನೋವಾಯಿತು. ಎರಡು ತಿಂಗಳು ಏನೂ ಹಾಕಲಿಲ್ಲ. ಮತ್ತೆ ಹಾಕಲು ಶುರು ಮಾಡಿದಾಗ ಧೈರ್ಯ ಬಂದಿತ್ತು ಅಂತೇನೂ ಅಲ್ಲ. ಹಾಕದೆ ಇದ್ದಾಗ ನನ್ನ ಸಾಧನೆಯೇ ಸಡಿಲವಾಗುತ್ತಿತ್ತು, ಅದು ಗೊತ್ತಾಯಿತು.

ಇಲ್ಲಿ ನನಗೆ ಬೇಕಾದ ಪ್ರಶ್ನೆಗೆ ಬರುತ್ತೇನೆ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ, ಆದ್ದರಿಂದ ನಾನೇ ಕೇಳಿಕೊಳ್ಳುತ್ತೇನೆ. ರೆಕಾರ್ಡ್ ಆಗುತ್ತಿದೆ ಅಂತ ಗೊತ್ತಿದ್ದಾಗ ಸಾಧನೆ ಸಾಧನೆಯಾಗಿಯೇ ಉಳಿಯುತ್ತದಾ?

ಮೊದಲ ವರ್ಷ ಉಳಿಯಲಿಲ್ಲ. ಫೋನ್ ಎದುರಿಗಿದ್ದ ದಿನ ನಾನು ಸುಮಾರಾಗಿ ಬರುವ ಸಾಲನ್ನೇ ಆರಿಸಿಕೊಳ್ಳುತ್ತಿದ್ದೆ. ವರ್ಣದ ಮೊದಲ ಅರ್ಧದ ಕೊನೆಗೆ ಬರುವ ಮುಕ್ತಾಯಿ ಸ್ವರವನ್ನು ಎರಡನೇ ಕಾಲದಲ್ಲಿ ತೆಗೆಯುತ್ತಲೇ ಇರಲಿಲ್ಲ. ಅಂದವಾದ ತಪ್ಪುಗಳನ್ನು ಮಾತ್ರ ಮಾಡುತ್ತಿದ್ದೆ. ತಪ್ಪಿ, ತಿದ್ದಿಕೊಂಡು, ಮೂರನೇ ಸಲಕ್ಕೆ ಸರಿಯಾಗಿ ನುಡಿಸುವುದು. ನೋಡುವವರಿಗೆ ಅದು ಚೆನ್ನಾಗಿರುತ್ತದೆ. ಆದರೆ ಅದೂ ಒಂದು ಕಚೇರಿಯೇ. ಹಿರಿಯೂರಿನ ಹುಡುಗಿಗೆ ನಾನು ಮತ್ತೊಂದು ಥರದ ಸುಳ್ಳು ಹೇಳುತ್ತಿದ್ದೆ.

ಆಮೇಲೆ ಬದಲಾಯಿಸಿದೆ. ಈಗ ಬರೀ ಧ್ವನಿ, ಮುಖ ಇಲ್ಲ. ಫೋನನ್ನು ಬೆನ್ನ ಹಿಂದೆ ಕಿಟಕಿ ಮೇಲೆ ಇಡುತ್ತೇನೆ. ಶ್ರುತಿ ಮಾಡುವ ಮುಂಚೆಯೇ ಒತ್ತಿಬಿಡುತ್ತೇನೆ. ಯಾವಾಗಲೂ ಗುರುವಾರ. ಗುರುವಾರ ಕೈ ಚೆನ್ನಾಗಿದ್ದರೂ ಅದೇ ಹೋಗುತ್ತದೆ, ಕೆಟ್ಟಿದ್ದರೂ ಅದೇ ಹೋಗುತ್ತದೆ. ಮೊದಲ ಹತ್ತು ನಿಮಿಷ ಬೆನ್ನಿಗೆ ಫೋನಿನ ನೆನಪಿರುತ್ತದೆ. ಆಮೇಲೆ ಗಾಂಧಾರ ಕಾಟ ಕೊಡಲು ಶುರು ಮಾಡುತ್ತದೆ. ಫೋನ್ ಮರೆತುಹೋಗುತ್ತದೆ. ಕೇಳುವವರಿಗೆ ನಾನು ಹೇಳುವುದು ಒಂದೇ, ಮೊದಲ ಹತ್ತು ನಿಮಿಷ ಬಿಟ್ಟು ಕೇಳಿ.

ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದಿತ್ತು. ಏನನ್ನು ಹಾಕುವುದಿಲ್ಲ ಅಂತ. ಮಕ್ಕಳ ಪಾಠ ಹಾಕುವುದಿಲ್ಲ. ಅಪ್ಪ ಅಮ್ಮ ಕೇಳಿಕೊಂಡರೂ ಇಲ್ಲ. ಹನ್ನೊಂದು ವರ್ಷದ ಮಗುವಿನ ತಪ್ಪು ಆ ಮಗುವಿನದು, ಹಂಚುವ ಅಧಿಕಾರ ನನಗೂ ಇಲ್ಲ, ಅವರಿಗೂ ಇಲ್ಲ. ಟೀಚರ್ ಕ್ಯಾಸೆಟ್‌ಗಳನ್ನೂ ಹಾಕುವುದಿಲ್ಲ. ಒಟ್ಟು 22 ಇವೆ, ಬೀರುವಿನಲ್ಲಿ, ಬೇವಿನೆಲೆ ಹಾಕಿಟ್ಟಿದ್ದೇನೆ. ಇದನ್ನು ಓದಿ ಯಾರಾದರೂ ಕೇಳೇ ಕೇಳುತ್ತೀರಿ, ಅಷ್ಟೆಲ್ಲ ಮಾತಾಡಿದಿರಲ್ಲ, ಅದನ್ನು ಯಾಕೆ ಮುಚ್ಚಿಟ್ಟಿದ್ದೀರಿ ಅಂತ. ಟೀಚರ್ ಅದನ್ನು ನನಗೆ ಕೊಟ್ಟದ್ದು, ಊರಿಗಲ್ಲ. 2011ರಲ್ಲಿ ಅವರು ಹೋದರು. ಕೇಳಿ ಒಪ್ಪಿಗೆ ಪಡೆಯುವ ಯೋಚನೆ ಬರುವಷ್ಟರಲ್ಲಿ ತಡವಾಗಿತ್ತು.

ಕೇಳಬೇಕು ಅನ್ನಿಸಿದವರು ಮನೆಗೆ ಬನ್ನಿ. ಟೇಪ್ ರೆಕಾರ್ಡರ್ ಕೆಲಸ ಮಾಡುತ್ತದೆ, ಹೋದ ವರ್ಷ ಬೆಲ್ಟ್ ಹಾಕಿಸಿದ್ದೇನೆ. ಕಲ್ಯಾಣಿಯ ಮೂರು ವಾರವನ್ನೂ ಒಂದರ ಹಿಂದೊಂದು ಹಾಕುತ್ತೇನೆ, ಕಾಫಿಯೂ ಕೊಡುತ್ತೇನೆ. ಫೋನ್ ಮಾತ್ರ ಹೊರಗಿನ ಮೇಜಿನ ಮೇಲಿಟ್ಟು ಒಳಗೆ ಬರಬೇಕು. ಗುರುವಾರ ಬೇಡ.