ಹತ್ತೋದು ಬರುತ್ತೆ, ಇಳಿಯೋದು ಬರಲ್ಲ: ಗುಂಡನ ಮೆಟ್ಟಿಲು, ನಾಲ್ಕನೇ ಸಲ

ನಿನ್ನೆ ರಾತ್ರಿ 11.30ಕ್ಕೆ ನಮ್ಮ ನಾಯಿ ಗುಂಡ, ನಾನು ಮಾಡಿದ ಮೆಟ್ಟಿಲಲ್ಲಿ ಮಂಚದಿಂದ ತಾನಾಗೇ ಇಳಿದು, ಹೋಗಿ ನೀರು ಕುಡಿದು, ವಾಪಸ್ ಹತ್ತಿ ಬಂದು ಮಲ್ಕೊಂಡ. ನಾನು ಕೈ ಕೊಟ್ಟಿಲ್ಲ, ಟ್ರೀಟ್ ತೋರಿಸಿಲ್ಲ, ಲೈಟೂ ಹಾಕಿರಲಿಲ್ಲ. ಕತ್ತಲಲ್ಲಿ ರಬ್ಬರ್ ಮ್ಯಾಟ್ ಮೇಲೆ ಉಗುರು ಉಜ್ಜೋ ಸದ್ದು ನಾಲ್ಕು ಸಲ ಕೇಳಿಸ್ತು, ನಾನು ಎದ್ದು ಕೂತು ಉಸಿರು ಬಿಗಿ ಹಿಡ್ಕೊಂಡಿದ್ದೆ, ಅವನು ಮಾತ್ರ ಹುಟ್ಟಿದಾಗಿಂದ ಮೆಟ್ಟಿಲು ಇಳೀತಿರೋನ ಥರ ಹೋಗಿ ಬಂದ. ಎರಡೂವರೆ ತಿಂಗಳು ತಗೊಂಡಿದೆ ಈ ಕೆಲಸ. ಅದಕ್ಕೇ ಬೆಳಗ್ಗೆ ಎದ್ದ ತಕ್ಷಣ ಬರೀತಿದೀನಿ.

ಹೊಸಬರಿಗೆ ಎರಡು ಸಾಲು. ಗುಂಡ ಡ್ಯಾಶ್‌ಹಂಡ್ ತಳಿ, 9 ವರ್ಷ, 9 ಕೆಜಿ. ಈ ತಳಿಯವರ ಕಾಲು ಗಿಡ್ಡ ಮಾಡೋದು ಎಫ್‌ಜಿಎಫ್4 ಅನ್ನೋ ಜೀನಿನ ಎಕ್ಸ್‌ಟ್ರಾ ಕಾಪಿ, ಅದರಲ್ಲಿ 12ನೇ ಕ್ರೋಮೋಸೋಮಿನಲ್ಲಿ ಕೂತಿರೋ ಕಾಪಿ ಬೆನ್ನುಮೂಳೆ ಮಧ್ಯದ ಡಿಸ್ಕನ್ನೂ ಚಿಕ್ಕ ವಯಸ್ಸಲ್ಲೇ ಒಣಗಿಸಿ ಗಟ್ಟಿ ಮಾಡಿಬಿಡುತ್ತೆ. ಆಮೇಲೆ ಒಂದು ಕೆಟ್ಟ ಜಂಪ್ ಸಾಕು, ಡಿಸ್ಕ್ ಜಾರಿ ಹಿಂಗಾಲೇ ಬಿದ್ದುಹೋಗಬಹುದು. ಒಂದು ದಿನ ಬೆನ್ನು ಕಮಾನು ಮಾಡ್ಕೊಂಡು ನಡೆದ, ಎತ್ಕೊಳ್ಳೋಕೆ ಹೋದ್ರೆ ಕಿರುಚಿದ. ಡಾಕ್ಟರ್ ಒಂದೇ ಮಾತು ಹೇಳಿದ್ರು, ಇನ್ಮೇಲೆ ಇವನು ಎಲ್ಲಿಂದಾನೂ ಹಾರಬಾರದು ಅಂತ. ನಮ್ಮ ಮಂಚ ಹಾಸಿಗೆ ಸೇರಿ 58 ಸೆಂ.ಮೀ, ಅಂದ್ರೆ ಅವನ ಭುಜದ ಎತ್ತರದ ಎರಡರಷ್ಟಕ್ಕಿಂತ ಜಾಸ್ತಿ. ಕೆಳಗೆ ಮಲಗಿಸಿದ್ರೆ ರಾತ್ರಿಯೆಲ್ಲಾ ಅಳ್ತಾನೆ.

ಅವನು ಸಿಕ್ಕ ಸಿಕ್ಕ ಕಡೆ ಹೋಗದೇ ಇರಲಿ ಅಂತ ಹಾಕಿದ ಗೇಟಿನ ಕಥೆ ಬೇಗ ಮುಗಿಸ್ತೀನಿ. ಅಡುಗೆಮನೆ ಬಾಗಿಲಿಗೆ ಪ್ರೆಶರ್ ಗೇಟ್, ಅಂದ್ರೆ ಸ್ಕ್ರೂ ಇಲ್ಲದೇ ಎರಡು ಕಡೆ ಒತ್ತಿ ನಿಲ್ಲೋದು, ಸಾಕು, ಹಾಕಿದೆ, ನಿಂತಿದೆ. (ಡಬ್ಬಿಯಿಂದ ತೆಗೆದಾಗ ಬಾಗಿಲಿಗೂ ಫ್ರೇಮಿಗೂ ಮಧ್ಯೆ ದೊಡ್ಡ ಗ್ಯಾಪ್ ಕಾಣುತ್ತೆ, ಡಿಫೆಕ್ಟ್ ಪೀಸ್ ಅಂತ ರಿಟರ್ನ್ ಮಾಡಬೇಡಿ, ಮೂಲೆಯ ನಾಲ್ಕೂ ಸ್ಪಿಂಡಲ್ (ತಿರುಪು ಕಡ್ಡಿ) ಗೋಡೆಗೆ ಟೈಟ್ ಮಾಡ್ತಾ ಹೋದಂಗೆ ಕೂಡ್ಕೊಳುತ್ತೆ.) ಆದ್ರೆ ಮಹಡಿ ಮೆಟ್ಟಿಲ ಮೇಲ್ತುದಿಗೆ ಪ್ರೆಶರ್ ಗೇಟ್ ಬೇಡವೇ ಬೇಡ. ನಾಯಿ ಓಡಿಬಂದು ಗುದ್ದಿದ್ರೆ ಕಿತ್ಕೊಂಡು ಬರುತ್ತೆ, ಜೊತೆಗೆ ಕೆಳಗಿನ ಅಡ್ಡಪಟ್ಟಿ ಮನುಷ್ಯರ ಕಾಲಿಗೇ ಸಿಗುತ್ತೆ, ಅದೂ ಮೆಟ್ಟಿಲ ತುದಿಯಲ್ಲಿ. ಅಲ್ಲಿ ಸ್ಕ್ರೂ ಹಾಕಿ ಕೂರಿಸೋ ಗೇಟೇ ಬೇಕು, ಮೆಟ್ಟಿಲ ಕಡೆಗೆ ತೆರೆಯದೇ ಇರೋದು. ನಮ್ಮಲ್ಲಿ ಒಂದು ಕಡೆ ಗೋಡೆ, ಅದರ ಬುಡದ ಸ್ಕರ್ಟಿಂಗ್ ಪಟ್ಟಿ 15 ಮಿ.ಮೀ ಮುಂದಕ್ಕಿದೆ, ಮೇಲಿನ ಬ್ರ್ಯಾಕೆಟ್ ಹಿಂದೆ 15 ಮಿ.ಮೀ ಮರದ ಪಟ್ಟಿ ಕೊಟ್ಟು ಸರಿ ಮಾಡಿದೆ. ಇನ್ನೊಂದು ಕಡೆ ದುಂಡು ಕಂಬ, ಅದಕ್ಕೆ ತೂತು ಹೊಡೆಯೋಕೆ ಮನಸ್ಸು ಬರಲಿಲ್ಲ, 18 ಮಿ.ಮೀ ಪ್ಲೈವುಡ್ ಪಟ್ಟಿಯನ್ನ ಕಂಬಕ್ಕೆ ಬಿಗಿಯಾಗಿ ಕಟ್ಟಿ ಅದರ ಮೇಲೆ ಹಿಂಜ್ ಕೂರಿಸಿದೆ.

ಗೇಟ್ ಕಳಿಸಿದವರ ಮೇಲೆ ನನಗೆ ಇನ್ನೂ ಕೋಪ ಇದೆ. ಬಂದ ಡಬ್ಬಿಯಲ್ಲಿ ಕೆಳಗಿನ ಹಿಂಜಿನ ಬೋಲ್ಟೇ ಇರಲಿಲ್ಲ. ಫೋಟೋ ಕಳಿಸಿ ಕೇಳಿದ್ರೆ "ವಾಲ್ ಕಪ್ ಸರಿಯಾಗಿ ಅಂಟಿಸಿ" ಅಂತ ಉತ್ತರ, ಅದು ಪ್ರೆಶರ್ ಗೇಟಿನ ತುದಿ ಕೂರೋಕೆ ಗೋಡೆಗೆ ಅಂಟಿಸೋ ಬಟ್ಟಲು, ಸ್ಕ್ರೂ ಗೇಟಿಗೆ ವಾಲ್ ಕಪ್ ಎಲ್ಲಿಂದ ಬಂತು? ಮತ್ತೆ ಕೇಳಿದ ಮೇಲೆ, ಎಂ10 (10 ಮಿ.ಮೀ) ಬೋಲ್ಟ್ ಬೇಕಿದ್ದ ಜಾಗಕ್ಕೆ ಅದಕ್ಕಿಂತ ಸಣ್ಣ ಎಂ8 ಕಳಿಸಿದ್ರು, ಹಾಕಿದ್ರೆ ಗೇಟ್ ಲೊಡ ಲೊಡ ಅನ್ನುತ್ತೆ. ಇದು ಪ್ರಾಣಿಗಳು, ಮಕ್ಕಳು ಬೀಳದೇ ಇರಲಿ ಅಂತ ಮಾರೋ ವಸ್ತು, ಹಿಂಜಿನ ಬೋಲ್ಟ್ ಎಣಿಸಿ ಹಾಕೋಷ್ಟಾದ್ರೂ ಜವಾಬ್ದಾರಿ ಬೇಡವಾ?

ಇರಲಿ, ಈಗ ಮೆಟ್ಟಿಲು. ನನ್ನ ಎರಡೂವರೆ ತಿಂಗಳು ತಿಂದಿದ್ದು ಇದೇ.

ಮೊದಲ ಸಲ ರೆಡಿಮೇಡ್ ಫೋಮ್ ಮೆಟ್ಟಿಲು ತಂದೆ. ಮೂರು ಮೆಟ್ಟಿಲು, ಒಂದೊಂದು 14.5 ಸೆಂ.ಮೀ ಎತ್ತರ, ಕಾಲಿಡೋ ಜಾಗ 20 ಸೆಂ.ಮೀ. ಕಾಲಿಟ್ಟ ಕಡೆ ಕುಸಿಯುತ್ತೆ, ಪೂರ್ತಿ ಬೂದು ಬಣ್ಣ, ಕವರ್ ಒಳಗೆ ಫೋಮ್ ತಿರುಗುತ್ತೆ. ಎರಡು ಸಲ ಹತ್ತಿದ, ಮೂರನೇ ಸಲ ಮೂಸಿ ಪಕ್ಕಕ್ಕೆ ಹೋದ. ಗಿಡ್ಡ ಕಾಲಿನ ಭಾರದ ನಾಯಿಗೆ ಮೆತ್ತನೆ ಫೋಮ್ ತಗೋಬೇಡಿ, ಅಷ್ಟೇ ಹೇಳ್ತೀನಿ.

ಎರಡನೇ ಸಲ ಪ್ಲೈವುಡ್. ಮೆಟ್ಟಿಲಿಗೆ 18 ಮಿ.ಮೀ, ಪಕ್ಕಕ್ಕೆ 12 ಮಿ.ಮೀ, ನಾಲ್ಕು ಮೆಟ್ಟಿಲು, ಒಂದೊಂದು ಏರು 11.6 ಸೆಂ.ಮೀ, ಮೇಲೆ ರಬ್ಬರ್ ಮ್ಯಾಟ್, ಅಡಿಯಲ್ಲಿ ಜಾರದ ಪ್ಯಾಡ್. ನಾನು ಹತ್ತಿ ನಿಂತ್ರೂ ಅಲ್ಲಾಡಲ್ಲ. ಕತ್ತರಿಸಿದ್ದು ಅಂಟಿಸಿದ್ದು ನಿಮಗೆಲ್ಲ ಗೊತ್ತಿರೋದೇ, ಬಿಡ್ತೀನಿ. ರ‍್ಯಾಂಪ್ ಯಾಕಲ್ಲ ಅಂತ ಕೇಳೋರಿಗೆ, 58 ಸೆಂ.ಮೀ ಎತ್ತರಕ್ಕೆ 20 ಡಿಗ್ರಿ ಇಳಿಜಾರು ಅಂದ್ರೆ 170 ಸೆಂ.ಮೀ ಹಲಗೆ, ನಮ್ಮ ಮಂಚಕ್ಕೂ ಬೀರುವಿಗೂ ಮಧ್ಯೆ ಇರೋದೇ 130.

ಮೊದಲ ದಿನಾನೇ ಸರಸರ ಹತ್ತಿದ. ನನಗೆ ಕಣ್ಣಲ್ಲಿ ನೀರು ಬಂತು. ಬೆಳಗ್ಗೆ ಇಳಿಯೋ ಹೊತ್ತಿಗೆ ಅಂಚಿಗೆ ಬಂದ, ನೋಡಿದ, ಹಿಂದಕ್ಕೆ ಹೋದ, ಮಂಚದ ಮೂಲೆಗೆ ಹೋಗಿ ಅಲ್ಲಿಂದ ನೆಲಕ್ಕೆ ಹಾರಿಬಿಟ್ಟ. ಇಡೀ ಮೆಟ್ಟಿಲು ಮಾಡಿದ್ದೇ ಆ ಒಂದು ಹಾರಾಟ ನಿಲ್ಲಿಸೋಕೆ.

ಇಲ್ಲಿಂದ ಶುರುವಾಯ್ತು ನೋಡಿ. ಮೆಟ್ಟಿಲು ಕಾಣ್ತಿಲ್ಲವೇನೋ ಅಂದ್ಕೊಂಡೆ, ಅವನ ಕಣ್ಣಿನ ಮಸೂರ ವಯಸ್ಸಿಗೆ ಸ್ವಲ್ಪ ಮಂಜಾಗಿದೆ. ಪ್ರತಿ ಅಂಚಿಗೂ ಕೆಂಪು ಟೇಪ್ ಹಾಕಿದೆ. ಎರಡು ದಿನ ಆದ್ಮೇಲೆ ಹೊಳೀತು, ನಾಯಿ ಕಣ್ಣಿಗೆ ಚೆನ್ನಾಗಿ ಕಾಣೋದು ನೀಲಿ ಮತ್ತೆ ಹಳದಿ, ಕೆಂಪು ಅವಕ್ಕೆ ಮಬ್ಬು ಕಂದು ಥರ, ಕಂದು ಬಣ್ಣದ ಪ್ಲೈವುಡ್ ಮೇಲೆ ಕೆಂಪು ಟೇಪ್ ಇದ್ದೂ ಇಲ್ಲದಂಗೆ. ಕಿತ್ತು ಹಳದಿ ಹಾಕಿದೆ, ಮ್ಯಾಟ್ ಕಪ್ಪು. ಈಗ ಕೆಳಗಿನ ಎರಡು ಮೆಟ್ಟಿಲು ಆರಾಮಾಗಿ ಇಳಿಯೋಕೆ ಶುರು ಮಾಡಿದ, ಅಂದ್ರೆ ನಾನು ಎತ್ತಿ ಎರಡನೇ ಮೆಟ್ಟಿಲ ಮೇಲೆ ಬಿಟ್ರೆ. ಟ್ರೇನಿಂಗನ್ನೂ ಕೆಳಗಿಂದಲೇ ಮಾಡಿಸಿದೆ, ಮೊದಲು ಕೊನೇ ಮೆಟ್ಟಿಲಿಂದ ನೆಲಕ್ಕೆ, ಆಮೇಲೆ ಎರಡು, ಆಮೇಲೆ ಮೂರು. ನಾಲ್ಕನೇದರಿಂದಾನೂ ಇಳಿದ. ಹಾಸಿಗೆಯಿಂದ ಮಾತ್ರ ಇಲ್ಲ. ಮೂರನೇ ಸಲ ಪಕ್ಕಕ್ಕೆ ತಡೆಹಲಗೆ ಹಾಕಿ, ಹಾಸಿಗೆಗೂ ಮೇಲಿನ ಮೆಟ್ಟಿಲಿಗೂ ಇದ್ದ 3 ಸೆಂ.ಮೀ ಸಂದು ಮುಚ್ಚಿದೆ. ಊಹೂಂ.

(ಈ ಮಧ್ಯೆ ತಲೆಗೆ ಬಂದಿದ್ದು: ಕಾರಿಗೆ ಮಡಚೋ ರ‍್ಯಾಂಪ್. ಡಿಕ್ಕಿ 70 ಸೆಂ.ಮೀ ಎತ್ತರ, 25 ಡಿಗ್ರಿಗೆ 166 ಸೆಂ.ಮೀ ಬೇಕು, ಎರಡು ತುಂಡು 83-83, ಮಧ್ಯೆ ಪಿಯಾನೋ ಹಿಂಜ್ (ಉದ್ದ ಪಟ್ಟಿಯಂಥದ್ದು). ಹಿಂಜ್ ಮೇಲ್ಗಡೆ ಬಂದ್ರೆ ಉಗುರು ಸಿಕ್ಕಿಹಾಕ್ಕೊಳುತ್ತೆ, ಭಾರಕ್ಕೆ ಅಡಿಯಲ್ಲಿ ಬಾಯಿಯೂ ಬಿಡುತ್ತೆ. ಅಡಿಗೇ ಹಾಕಿ, ಮೇಲಿನ ಸಂದಿಗೆ ಮ್ಯಾಟಿನ ಒಂದು ಪಟ್ಟಿ ಹೊದಿಸೋಣ ಅಂತಿದೀನಿ. ಅಡಿಯಲ್ಲಿ ಅಲ್ಯೂಮಿನಿಯಂ ಆಂಗಲ್. ಯಾರಾದ್ರೂ ಮಾಡಿದ್ರೆ ತೂಕ ಎಷ್ಟಾಯ್ತು ಹೇಳಿ.)

ಸಿಕ್ಕು ಬಿಡಿಸಿದ್ದು ಅಮ್ಮ. ಒಂದು ಸಂಜೆ ಬಾಗಿಲಲ್ಲಿ ನಿಂತು ನಮ್ಮ ಟ್ರೇನಿಂಗ್ ನೋಡ್ತಾ ಇದ್ದೋರು, "ಅವನಿಗೆ ಮೆಟ್ಟಿಲ ಭಯ ಅಲ್ಲ ಕಣೋ, ಹಾಸಿಗೆ ಅಂಚಿನ ಭಯ, ನೋಡು ಕಾಲು ಹೂತು ಹೋಗ್ತಿದೆ" ಅಂದ್ರು. ಫೋನಲ್ಲಿ ಸ್ಲೋ ಮೋಷನ್ ಹಿಡಿದೆ. ನಾಯಿ ಸುಮ್ನೆ ನಿಂತಿದ್ರೇ ತೂಕದ 60% ಹತ್ತಿರ ಮುಂಗಾಲ ಮೇಲಿರುತ್ತೆ, ಇಳಿಯೋಕೆ ಬಗ್ಗಿದ್ರೆ ಇನ್ನೂ ಜಾಸ್ತಿ. ಅವನು ಬಗ್ಗಿದ ತಕ್ಷಣ ಹಾಸಿಗೆ ಅಂಚು 5 ಸೆಂ.ಮೀ ಕುಸಿದು ಮುಂದಕ್ಕೆ ವಾಲುತ್ತೆ. ಇನ್ನೂ ಮೆಟ್ಟಿಲಿಗೆ ಕಾಲು ತಾಗಿಲ್ಲ, ಅಷ್ಟರಲ್ಲೇ ನಿಂತ ನೆಲ ಜಾರಿದಂಗೆ. ಆರು ವಾರ ನಾನು ಮೆಟ್ಟಿಲನ್ನೇ ರಿಪೇರಿ ಮಾಡ್ತಿದ್ದೆ, ಕೆಟ್ಟಿದ್ದು ಮೆಟ್ಟಿಲಿಗಿಂತ ಒಂದಡಿ ಹಿಂದೆ.

ಅದೇ ವಿಡಿಯೋದಲ್ಲಿ ಇನ್ನೊಂದು ಕಾಣಿಸ್ತು. ಪ್ರತಿ ಸಲ ಹಿಂಜರಿದಾಗ ಅವನು ಮೈಯನ್ನ ಅಂಚಿಗೆ ಉದ್ದುದ್ದ ತಿರುಗಿಸ್ತಾನೆ, ಒಂದು ಮುಂಗಾಲು ಪಕ್ಕಕ್ಕೆ ಕೆಳಗಿಟ್ಟು ಪರೀಕ್ಷೆ ಮಾಡ್ತಾನೆ. ನೇರ ತಲೆ ತಗ್ಗಿಸಿ ಇಳಿದ್ರೆ, ಎದೆಯಿಂದ ಬಾಲದ ಬುಡಕ್ಕೆ 46 ಸೆಂ.ಮೀ ಇರೋ ಅವನ ಬೆನ್ನು, ಅರ್ಧ ಹಾಸಿಗೆ ಮೇಲೆ ಅರ್ಧ ಮೆಟ್ಟಿಲ ಮೇಲೆ ಬಾಗಬೇಕು. ನೋವು ತಿಂದ ಬೆನ್ನು ಅದು. ಪಕ್ಕಕ್ಕೆ ಇಳೀತೀನಿ ಅಂತ ಎರಡು ತಿಂಗಳಿಂದ ಹೇಳ್ತಾನೇ ಇದ್ದ, ಪಾಪ.

ನಾಲ್ಕನೇ ಸಲ ಎಲ್ಲಾ ಬಿಚ್ಚಿ, ಮೆಟ್ಟಿಲನ್ನ ಮಂಚದ ಉದ್ದಕ್ಕೆ ತಿರುಗಿಸಿದೆ. ಮೇಲೆ 50 ಸೆಂ.ಮೀ ಉದ್ದ 45 ಅಗಲದ ಒಂದು ಕಟ್ಟೆ, ಇಡೀ ನಾಯಿ ನಾಲ್ಕೂ ಕಾಲಲ್ಲಿ ನಿಂತು ತಿರುಗೋಷ್ಟು ಜಾಗ. ಕಟ್ಟೆ ಎತ್ತರ 58 ಅಲ್ಲ, 54. ಯಾಕಂದ್ರೆ ಅಳೀಬೇಕಾದ್ದು ಅವನು ಹಾಸಿಗೆ ಅಂಚಲ್ಲಿ ನಿಂತಾಗ ಇರೋ ಎತ್ತರ, ಖಾಲಿ ಹಾಸಿಗೆದಲ್ಲ. ಅಂಚು ಹೆಚ್ಚು ಕುಸಿಯದೇ ಇರಲಿ ಅಂತ ಬೆಡ್‌ಶೀಟ್ ಅಡಿಗೆ 30 ಸೆಂ.ಮೀ ಅಗಲದ 9 ಮಿ.ಮೀ ಪ್ಲೈವುಡ್, ಅಂಚು ದುಂಡಗೆ ಉಜ್ಜಿ, ಬಟ್ಟೆ ಸುತ್ತಿ ಇಟ್ಟೆ. ಕಟ್ಟೆಯಿಂದ ಕೆಳಗೆ ನಾಲ್ಕು ಮೆಟ್ಟಿಲು, ಏರು 10.8, ಕಾಲಿಡೋ ಜಾಗ 28 ಸೆಂ.ಮೀ. ಒಟ್ಟು ಉದ್ದ 162. ಇಲ್ಲೂ 20 ಡಿಗ್ರಿ ರ‍್ಯಾಂಪ್ ಲೆಕ್ಕ ಹಾಕಿ ನೋಡಿದೆ, ಕಟ್ಟೆ ಸೇರಿ 198 ಆಗಿ ಬಾಗಿಲಿಗೆ ಅಡ್ಡ ಬರುತ್ತೆ.

ಮಂಚದ ಮೂಲೆಯಿಂದ ಹಾರೋ ಅಭ್ಯಾಸಕ್ಕೆ ಗೇಟೇ ಔಷಧಿ ಆಯ್ತು. ಮಹಡಿಗೆ ಅಂತ ಮೊದಲು ತಂದು ಬೇಡವಾದ ಪ್ರೆಶರ್ ಗೇಟಿನ ಪಕ್ಕದ ಪ್ಯಾನೆಲ್‌ಗಳು ಹಾಗೇ ಇದ್ವು, ಕಂಬಿ ಮಧ್ಯೆ 5.5 ಸೆಂ.ಮೀ, ಅವನ ತಲೆ ತೂರಲ್ಲ ಅಂತ ಅಳೆದೇ ನೋಡಿದೆ. ಅಡ್ಡ ಮಲಗಿಸಿ ಮಂಚದ ಚೌಕಟ್ಟಿಗೆ ಯು ಕ್ಲ್ಯಾಂಪಲ್ಲಿ ಬಿಗಿದೆ, ಹಾಸಿಗೆಯಿಂದ 25 ಸೆಂ.ಮೀ ಮೇಲಕ್ಕೆ ಬರುತ್ತೆ. ಈಗ ಇಳಿಯೋಕೆ ಇರೋ ದಾರಿ ಒಂದೇ, ಕಟ್ಟೆ.

ಮೊದಲ ದಿನ ಕಟ್ಟೆ ಮೇಲೆ ಬಂದು ನಿಂತು ನನ್ನ ಮುಖ ನೋಡಿದ. ಎರಡನೇ ದಿನ ತಿರುಗಿ ಒಂದು ಮೆಟ್ಟಿಲು ಇಳಿದು ವಾಪಸ್ ಹೋದ. ಐದನೇ ರಾತ್ರಿ, ಅಂದ್ರೆ ನಿನ್ನೆ, ನೀರು ಕುಡಿದು ಬಂದ.

ಒಂದು ಹೊಸ ತೊಂದ್ರೆ ಶುರುವಾಗಿದೆ. ಚುಕ್ಕಿಗೂ, ಅದೇ ನಮ್ಮ ಇನ್ನೊಂದು ನಾಯಿ, ಉದ್ದ ಕಾಲಿನ ಚಿಕ್ಕವಳು, ಆ ಕಟ್ಟೆ ತುಂಬಾ ಹಿಡಿಸಿಬಿಟ್ಟಿದೆ. ಈ ಸಾಲು ಬರೆಯೋ ಹೊತ್ತಿಗೆ ಅದರ ಮೇಲೆ ಸುತ್ಕೊಂಡು ಮಲಗಿದಾಳೆ, ಗುಂಡ ಹಾಸಿಗೆ ಮೇಲೆ ನಿಂತು ಅವಳನ್ನೇ ನೋಡ್ತಿದಾನೆ. ಹೋಗಿ ಎಬ್ಬಿಸಬೇಕು.